ನಾಬೋತನ ಊರಿನ ಹಿರಿಯರು: ಅಂತರ್ಜಾಲದ ಮಾತು, ಅದರ ಮೇರೆ ಮತ್ತು ಸಭೆಯ ಸಾಕ್ಷ್ಯ

‘ಧಾರ್ಮಿಕ ಭಾವನೆಗೆ ಧಕ್ಕೆ’ ಎಂಬ ನುಡಿಗಟ್ಟು ನಮ್ಮ ಕರಾವಳಿಯ ಪೊಲೀಸ್ ಠಾಣೆಗಳಲ್ಲಿ, ಪತ್ರಿಕೆಗಳಲ್ಲಿ, ಪ್ರತಿಭಟನೆಯ ಮನವಿಪತ್ರಗಳಲ್ಲಿ ದಿನಬಳಕೆಯ ಮಾತಾಗಿಬಿಟ್ಟಿದೆ. ಅಂತರ್ಜಾಲದಲ್ಲಿ ಯಾರು ಏನು ಹೇಳಬಹುದು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ಇದನ್ನೇ ಅಳತೆಗೋಲಾಗಿ ಹಿಡಿಯುವುದು ರೂಢಿ. ಎಲ್ಲ ಮತದವರೂ ಇದನ್ನು ಬಳಸುತ್ತಾರೆ. ಕ್ರೈಸ್ತ ಸಂಘಟನೆಗಳೂ ಇದಕ್ಕೆ ಹೊರತಲ್ಲ. ಈ ಅಳತೆಗೋಲು ಸತ್ಯವೇದದ ಬೆಳಕಿನಲ್ಲಿ ನಿಲ್ಲುತ್ತದೆಯೇ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ನಿಲುವನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಮಾತಿಗೆ ಮೇರೆ ಬೇಕು. ಆದರೆ ಆ ಮೇರೆಯನ್ನು ಎಳೆಯಬೇಕಾದದ್ದು ದೇವರ ಗೌರವದ ಸುತ್ತ ಅಲ್ಲ, ನೆರೆಯವರ ಜೀವ ಮತ್ತು ಮಾನದ ಸುತ್ತ. ದೇವರಿಗೆ ನಮ್ಮ ಕಾವಲು ಬೇಕಿಲ್ಲ, ನೆರೆಯವರಿಗೆ ಬೇಕು.

ಈ ಪ್ರಶ್ನೆಯನ್ನು ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಮತ್ತು ಕುಮಾರಧಾರೆ ಕೂಡುವ ಈ ಸೀಮೆಯಲ್ಲಿ ಭಾಷೆಗಳೂ ಮತಗಳೂ ಕೂಡಿಕೊಂಡಿವೆ. ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸುಳ್ಯದ ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರಲ್ಲಿ ಹವಿಗನ್ನಡ, ಮುಸ್ಲಿಮರ ಮನೆಗಳಲ್ಲಿ ಬ್ಯಾರಿ, ಪುತ್ತೂರಿನ ಕಥೋಲಿಕರಲ್ಲಿ ಕೊಂಕಣಿ, ಕಡಬ, ನೆಲ್ಯಾಡಿ ಸುತ್ತಿನ ರಬ್ಬರ್ ತೋಟಗಳ ಸುರಿಯಾನಿ ಕ್ರೈಸ್ತರಲ್ಲಿ ಮಲಯಾಳ. 2010ರಲ್ಲಿ ಸಿರೋ ಮಲಂಕರ ಸಭೆ ಪುತ್ತೂರನ್ನು ತನ್ನ ಒಂದು ಧರ್ಮಪ್ರಾಂತದ ಕೇಂದ್ರವಾಗಿಸಿಕೊಂಡಿತು. ಇಂಥ ನೆಲದಲ್ಲಿ ಬೆಳಿಗ್ಗೆ ಒಂದು ಭಾಷೆಯ ಗುಂಪಿನಲ್ಲಿ ಹುಟ್ಟಿದ ವಾಟ್ಸ್ಆ್ಯಪ್ ಸಂದೇಶ ಸಂಜೆಯೊಳಗೆ ಇನ್ನೊಂದು ಭಾಷೆಯಲ್ಲಿ ಇನ್ನೊಂದು ಅರ್ಥ ಹೊತ್ತು ತಿರುಗುತ್ತದೆ. ಅದನ್ನು ಬರೆದವನಾರು ಎಂದು ಕೇಳುವಷ್ಟರಲ್ಲಿ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಈ ತಾಲ್ಲೂಕುಗಳಲ್ಲಿ ಸೇವೆ ಮಾಡುವ ಸಭಾಪಾಲಕರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ನಮ್ಮ ಪರಂಪರೆ

ಮುಕ್ತ ಮಾತಿನ ಚರಿತ್ರೆಯಲ್ಲಿ ಕರಾವಳಿಯ ಸಭೆಗೆ ಒಂದು ಸ್ಥಾನವಿದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನು ಇಂದಿಗೂ ಕನ್ನಡನಾಡು ಪತ್ರಿಕಾ ದಿನವಾಗಿ ಆಚರಿಸುತ್ತದೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆಯಿತು. ಊರಿನ ಸುದ್ದಿ, ಸರಕಾರದ ಕಾಯಿದೆ, ದೂರದೇಶದ ವಾರ್ತೆಗಳನ್ನು ಸಾಮಾನ್ಯನ ಕೈಗೆ ಅವನದೇ ಭಾಷೆಯಲ್ಲಿ ಕೊಡುವುದು ಅಂದಿನ ಕಾಲಕ್ಕೆ ಇಂದಿನ ಅಂತರ್ಜಾಲದಷ್ಟೇ ದೊಡ್ಡ ಬದಲಾವಣೆಯಾಗಿತ್ತು.

ಆದರೆ ಅದೇ ಮುದ್ರಣಾಲಯದಿಂದ ಹೊರಟ ಮಿಷನರಿ ಕರಪತ್ರಗಳಲ್ಲಿ ಮೂರ್ತಿಪೂಜೆ, ಜಾತಿಪದ್ಧತಿ, ಭೂತಾರಾಧನೆಗಳ ಮೇಲೆ ಹರಿತವಾದ ಖಂಡನೆಯಿತ್ತು ಎಂಬುದನ್ನೂ ಮರೆಯಲಾಗದು. ಅವುಗಳಲ್ಲಿ ಹಲವು ಇಂದು ಪ್ರಕಟವಾದರೆ ‘ಭಾವನೆಗೆ ಧಕ್ಕೆ’ ಎಂಬ ದೂರು ಬೀಳದೆ ಇರದು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿಯೂ ಸುತ್ತಮುತ್ತಲೂ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ಮುಂದಿಟ್ಟ ಸಮರ್ಥನೆಯೂ ಇದೇ ಬಗೆಯದು: ‘ಸತ್ಯದರ್ಶಿನಿ’ ಎಂಬ ಪುಸ್ತಕದಲ್ಲಿ ಹಿಂದೂ ದೇವತೆಗಳ ಅವಹೇಳನವಿದೆ, ಆದುದರಿಂದ ಭಾವನೆ ಕೆರಳಿತು ಎಂಬುದು. ಆ ಪುಸ್ತಕದ ಒಂದು ಪುಟವನ್ನೂ ಓದದವರ ಪ್ರಾರ್ಥನಾಲಯದ ಗಾಜು ಒಡೆಯುವುದಕ್ಕೂ ಅದೇ ನೆಪವಾಯಿತು. ಭಾವನೆಯನ್ನು ಅಳತೆಗೋಲಾಗಿ ಹಿಡಿದರೆ ಅಳೆಯುವವನು ಯಾವಾಗಲೂ ಸಂಖ್ಯೆಯಲ್ಲಿ ಹೆಚ್ಚಿದ್ದವನೇ ಆಗಿರುತ್ತಾನೆ. ಅಲ್ಪಸಂಖ್ಯಾತ ಸಭೆ ಆ ಗೋಲನ್ನು ತಾನೂ ಹಿಡಿಯಲು ಹಂಬಲಿಸುವುದು ಅವಿವೇಕ ಮಾತ್ರವಲ್ಲ, ತನ್ನ ಚರಿತ್ರೆಯ ಮರೆವೂ ಹೌದು.

ಕಾನೂನು ಎಳೆದ ಗೆರೆ

ನಮ್ಮ ಸಂವಿಧಾನದ 19ನೆಯ ವಿಧಿ ಮಾತಿನ ಸ್ವಾತಂತ್ರ್ಯವನ್ನು ಕೊಟ್ಟು, ಅದೇ ವಿಧಿಯ ಎರಡನೆಯ ಉಪಖಂಡದಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮೊದಲಾದ ಕಾರಣಗಳಿಗಾಗಿ ಯುಕ್ತವಾದ ನಿರ್ಬಂಧಗಳನ್ನು ಹಾಕಲು ಅವಕಾಶ ನೀಡಿದೆ. ‘ಧಾರ್ಮಿಕ ಭಾವನೆ’ ಎಂಬ ಕಾರಣ ಆ ಪಟ್ಟಿಯಲ್ಲಿ ಇಲ್ಲ ಎಂಬುದು ಗಮನಾರ್ಹ. ಅದು ಬಂದದ್ದು ವಸಾಹತು ಕಾಲದ ದಂಡಸಂಹಿತೆಯಿಂದ. ಲಾಹೋರಿನಲ್ಲಿ ಪ್ರಕಟವಾದ ಒಂದು ಕಿರುಪುಸ್ತಕದ ವಿವಾದದ ಬಳಿಕ 1927ರಲ್ಲಿ 295ಎ ಕಲಮನ್ನು ಸೇರಿಸಲಾಯಿತು. ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಅದನ್ನು ಎತ್ತಿಹಿಡಿಯುವಾಗ, ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಇಂದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಅದು ಮುಂದುವರಿದಿದೆ. ಠಾಣೆಯ ಮೆಟ್ಟಲಲ್ಲಿ ಮಾತ್ರ ‘ಉದ್ದೇಶಪೂರ್ವಕ’, ‘ದುರುದ್ದೇಶ’ ಎಂಬ ಪದಗಳು ಉದುರಿಹೋಗಿ ‘ಧಕ್ಕೆ’ ಒಂದೇ ಉಳಿಯುತ್ತದೆ.

ಅಂತರ್ಜಾಲದ ಮಟ್ಟಿಗೆ ಮೈಲಿಗಲ್ಲಾದ ತೀರ್ಪು 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ಪ್ರಕರಣದ್ದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ‘ಕಿರಿಕಿರಿ’, ‘ಅನನುಕೂಲ’ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸುತ್ತ ಮೂರು ಮೆಟ್ಟಲುಗಳನ್ನು ಗುರುತಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಅಪ್ರಿಯವಾದರೂ ಸ್ವಾತಂತ್ರ್ಯದೊಳಗಿವೆ. ಮೂರನೆಯ ಮೆಟ್ಟಲಲ್ಲಿ ಮಾತ್ರ ಪ್ರಭುತ್ವ ಕೈ ಹಾಕಬಹುದು. ಕಾನೂನಿನ ಈ ವಿವೇಕವನ್ನು ದೇವಶಾಸ್ತ್ರದ ವಿದ್ಯಾರ್ಥಿಗಳು ಅರಿತಿರಬೇಕು.

2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ರಾಜ್ಯದ ಉಭಯ ಸದನಗಳು ಅಂಗೀಕರಿಸಿದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದರ ಗಮನ ವ್ಯಕ್ತಿ, ಗುಂಪು, ಸಮುದಾಯಗಳಿಗೆ ಆಗುವ ಹಾನಿಯ ಮೇಲಿದೆ. ಈ ಮಟ್ಟಿಗೆ ಅದು 299ನೆಯ ಕಲಮಿಗಿಂತ ಗಟ್ಟಿಯಾದ ನೆಲದಲ್ಲಿ ನಿಂತಿದೆ. ಆದರೆ ‘ಅಸಾಮರಸ್ಯ’, ‘ಕೆಟ್ಟ ಭಾವನೆ’ ಎಂಬಂಥ ಪದಗಳನ್ನು ಎಷ್ಟು ಅಗಲಕ್ಕೆ ಹಿಗ್ಗಿಸಬಹುದು ಎಂಬುದು ಅದನ್ನು ಕೈಯಲ್ಲಿ ಹಿಡಿದ ಅಧಿಕಾರಿಯ ಮೇಲೆ ನಿಲ್ಲುತ್ತದೆ. ಇಂದಿನ ಸರಕಾರದ ಒಳ್ಳೆಯ ಉದ್ದೇಶವನ್ನು ನಂಬಿ ಅದನ್ನು ಸ್ವಾಗತಿಸುವವರು, ನಾಳೆ ಬೇರೊಂದು ಸರಕಾರದ ಕೈಯಲ್ಲಿ ಅದೇ ಪದಗಳು ಒಂದು ಸುವಾರ್ತಾ ಸಭೆಯ ಪ್ರಸಂಗಕ್ಕೆ ಅನ್ವಯವಾಗುವುದನ್ನೂ ಊಹಿಸಿಕೊಳ್ಳಬೇಕು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ್ದು ಪುತ್ತೂರಿನಲ್ಲಿ. ಅಧಿಕಾರದ ಕೈಗೆ ಮಾತಿನ ಕೀಲಿಕೈ ಕೊಡುವುದರ ಅಪಾಯ ಈ ಊರಿಗೆ ಹೊಸ ಪಾಠವಲ್ಲ.

ಕಂಪನಿಗಳು ಎಳೆದ ಗೆರೆ

ಪ್ರಭುತ್ವದ ಗೆರೆಗಿಂತ ಮೊದಲು ನಮ್ಮ ಮಾತನ್ನು ತಡೆಯುವುದೂ ಹರಡುವುದೂ ಖಾಸಗಿ ಕಂಪನಿಗಳು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ವದಂತಿ ಸಾಗಿದ್ದು ವಾಟ್ಸ್ಆ್ಯಪ್ ಮೂಲಕ. ದೇಶದ ಹಲವೆಡೆ ನಡೆದ ಇಂಥ ಹತ್ಯೆಗಳ ಬಳಿಕ ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿ ಹಾಕಿತು; 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಯಾವ ಮಾತನ್ನೂ ನಿಷೇಧಿಸದೆ ಮಾತಿನ ವೇಗವನ್ನು ಮಾತ್ರ ತಗ್ಗಿಸಿದ ಈ ಕ್ರಮ ಅನೇಕ ಕಾನೂನುಗಳಿಗಿಂತ ವಿವೇಕದ್ದು.

ಆದರೆ ಕಂಪನಿಯ ಕಿವಿಗೆ ಎಲ್ಲ ಭಾಷೆ ಕೇಳಿಸುವುದಿಲ್ಲ. ಮ್ಯಾನ್ಮಾರ್‌ನಲ್ಲಿ ರೊಹಿಂಗ್ಯಾ ಜನರ ವಿರುದ್ಧ ಹಿಂಸೆಗೆ ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು ಫೇಸ್‌ಬುಕ್ 2018ರಲ್ಲಿ ಒಪ್ಪಿಕೊಂಡಿತು. ಬರ್ಮೀ ಭಾಷೆ ಬಲ್ಲ ಪರಿಶೀಲಕರ ಕೊರತೆ ಅಲ್ಲಿನ ದೊಡ್ಡ ಲೋಪಗಳಲ್ಲೊಂದು. ಒಂದು ದೇಶದ ಅಧಿಕೃತ ಭಾಷೆಗೇ ಆ ಗತಿಯಾದರೆ, ಸಂವಿಧಾನದ ಎಂಟನೆಯ ಪರಿಚ್ಛೇದದೊಳಗೆ ಇನ್ನೂ ಜಾಗ ಸಿಗದ ತುಳುವಿನಲ್ಲಿ, ಅಥವಾ ಸುಳ್ಯದ ಅರೆಭಾಷೆಯಲ್ಲಿ ಆಡಿದ ಧ್ವನಿಸಂದೇಶದ ವಿಷವನ್ನು ದೂರದ ಕಚೇರಿಯೊಂದು ಗುರುತಿಸುತ್ತದೆಯೆಂದು ನೆಚ್ಚುವಂತಿಲ್ಲ. ಆ ಭಾಷೆಯನ್ನು ಬಲ್ಲ ನೆರೆಯವರೇ ಅದನ್ನು ಗುರುತಿಸಬೇಕು.

ಇನ್ನು ಪ್ರಭುತ್ವ ಮತ್ತು ಕಂಪನಿ ಕೈಜೋಡಿಸಿದಾಗ ಹುಟ್ಟುವ ಪ್ರಶ್ನೆ ಬೇರೆ. ಸರಕಾರದ ಅಧಿಕಾರಿಗಳು ‘ಸಹಯೋಗ್’ ಎಂಬ ಜಾಲದ ಮೂಲಕ ಬರಹಗಳನ್ನು ತೆಗೆಯುವಂತೆ ಕಂಪನಿಗಳಿಗೆ ಸೂಚಿಸುವ ವ್ಯವಸ್ಥೆಯನ್ನು ಪ್ರಶ್ನಿಸಿ ‘ಎಕ್ಸ್’ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಕಾನೂನಿನ ಅಂಶವನ್ನು ನ್ಯಾಯಾಲಯಗಳು ತೂಗಲಿ. ದೇವಶಾಸ್ತ್ರದ ಕಡೆಯಿಂದ ನಮ್ಮ ಆಕ್ಷೇಪ ಒಂದೇ: ಆಡಿದವನನ್ನು ಕೇಳದೆ ಅವನ ಮಾತನ್ನು ಅಳಿಸುವುದು ನ್ಯಾಯದ ರೀತಿಯಲ್ಲ. ಆದಾಮನನ್ನೂ ಕಾಯಿನನನ್ನೂ ದೇವರು ಮೊದಲು ಪ್ರಶ್ನಿಸಿದನು, ಆಮೇಲೆ ತೀರ್ಪು ಹೇಳಿದನು.

ಯಾವ ಕಥೆ ನಮಗೆ ದಾರಿ?

ಸಾಮಾಜಿಕ ಮಾಧ್ಯಮದ ಬಗ್ಗೆ ಇತ್ತೀಚೆಗೆ ಬಂದ ಸಭಾ ದಾಖಲೆಗಳಲ್ಲಿ ಮುಖ್ಯವಾದದ್ದು ವ್ಯಾಟಿಕನ್ನಿನ ಸಂವಹನ ಇಲಾಖೆ 2023ರ ಮೇ ತಿಂಗಳಲ್ಲಿ ಹೊರಡಿಸಿದ, ‘ಪೂರ್ಣ ಸಾನ್ನಿಧ್ಯದೆಡೆಗೆ’ ಎಂಬ ಅರ್ಥದ ಹೆಸರುಳ್ಳ ಪಾಲನಾ ಚಿಂತನೆ. ಅದು ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಆಧಾರವಾಗಿಟ್ಟುಕೊಂಡು, ಅಂತರ್ಜಾಲದ ಹೆದ್ದಾರಿಯ ಬದಿಯಲ್ಲಿ ಬಿದ್ದಿರುವ ಗಾಯಾಳುವನ್ನು ಕಾಣಲು ಕಲಿಸುತ್ತದೆ. ಸಭಾನಾಯಕರೇ ಜಗಳಗಂಟ ಮಾತಿಗೆ ಇಳಿಯುವುದನ್ನು ಅದು ಎಚ್ಚರಿಸುತ್ತದೆ. ಇದು ಬೆಲೆಯುಳ್ಳ ಬರಹ. ಆದರೆ ಆ ಸಾಮ್ಯದಲ್ಲಿ ಕಳ್ಳರು ಹೊಡೆದು ಓಡಿಹೋಗಿದ್ದಾರೆ. ಗಾಯ ಆದ ಮೇಲಿನ ಕರುಣೆಯೇ ಅಲ್ಲಿನ ವಿಷಯ. ನಮ್ಮ ತಾಲ್ಲೂಕುಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಹೊಡೆಸಿದ ಮಾತು ಎಲ್ಲಿಂದ ಬಂತು, ಅದನ್ನು ಊರು ಹೇಗೆ ನಂಬಿತು? ಈ ಪ್ರಶ್ನೆಗೆ ಸತ್ಯವೇದದಲ್ಲಿ ಇನ್ನೊಂದು ಕಥೆಯಿದೆ.

1 ಅರಸುಗಳು 21ನೆಯ ಅಧ್ಯಾಯದ ನಾಬೋತನ ಕಥೆಯನ್ನು ದ್ರಾಕ್ಷಿತೋಟದ ದುರಾಶೆಯ ಕಥೆಯೆಂದು ಪ್ರಸಂಗಿಸುವುದು ರೂಢಿ. ಅದು ಒಂದು ಸಂದೇಶದ ಕಥೆಯೂ ಹೌದು. ಈಜೆಬೆಲಳು ಅರಸನ ಹೆಸರಿನಲ್ಲಿ ಪತ್ರ ಬರೆದು, ಅರಸನ ಮುದ್ರೆ ಒತ್ತಿ, ಊರಿನ ಹಿರಿಯರಿಗೆ ಕಳುಹಿಸುತ್ತಾಳೆ. ಬರೆದವರು ಒಬ್ಬರು, ಹೆಸರು ಇನ್ನೊಬ್ಬರದು. ಹಿರಿಯರು ವಿಚಾರಿಸುವುದಿಲ್ಲ, ಉಪವಾಸ ಸಾರಿ ಜನರನ್ನು ಕೂಡಿಸುತ್ತಾರೆ. ಅಂದರೆ ಇಡೀ ಕೃತ್ಯಕ್ಕೆ ಭಕ್ತಿಯ ಹೊದಿಕೆ. ಇಬ್ಬರು ನೀಚರು ಎದ್ದುನಿಂತು ಆರೋಪ ಹೊರಿಸುತ್ತಾರೆ. ಆರೋಪ ಏನೆಂಬುದು ನಮಗಿಲ್ಲಿ ಮುಖ್ಯ: ನಾಬೋತನು ದೇವರನ್ನೂ ಅರಸನನ್ನೂ ಶಪಿಸಿದನು ಎಂದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದು ಧಾರ್ಮಿಕ ಭಾವನೆಯ ಪ್ರಕರಣ, ಇನ್ನೊಂದು ರಾಜದ್ರೋಹದ ಪ್ರಕರಣ. ದೇವರ ಗೌರವವನ್ನು ಕಾಯುವ ನಿಯಮವೇ ಇಲ್ಲಿ ನಿರಪರಾಧಿಯನ್ನು ಕೊಲ್ಲುವ ಕಲ್ಲಾಯಿತು.

ಎಲೀಯನ ಮೂಲಕ ದೇವರು ಆಡಿದ ತೀರ್ಪನ್ನು ಗಮನಿಸಿರಿ. ತನ್ನ ಹೆಸರಿಗೆ ನಾಬೋತನಿಂದ ಅವಮಾನವಾಯಿತೇ ಇಲ್ಲವೇ ಎಂಬ ವಿಚಾರಣೆ ಅಲ್ಲಿಲ್ಲ. ಕೊಲೆ ಮತ್ತು ಅಪಹಾರ, ಇವೇ ದೇವರು ಎತ್ತಿದ ಪ್ರಶ್ನೆಗಳು. ಹತ್ತು ಆಜ್ಞೆಗಳಲ್ಲಿ ಮಾತಿನ ಕುರಿತಾಗಿ ನೆರೆಯವನನ್ನು ಹೆಸರಿಸಿ ಹೇಳಿದ ಆಜ್ಞೆ ಸುಳ್ಳುಸಾಕ್ಷಿಯದು. ಧರ್ಮೋಪದೇಶಕಾಂಡ 19ರಲ್ಲಿ ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕೆಂದೂ, ಸುಳ್ಳುಸಾಕ್ಷಿ ತಾನು ಬಯಸಿದ ದಂಡನೆಯನ್ನು ತಾನೇ ಹೊರಬೇಕೆಂದೂ ವಿಧಿಸಲಾಗಿದೆ. ಇತ್ತ ನ್ಯಾಯಸ್ಥಾಪಕರು 6ರಲ್ಲಿ, ಬಾಳನ ಬಲಿಪೀಠವನ್ನು ಕೆಡವಿದ ಗಿದ್ಯೋನನನ್ನು ಕೊಲ್ಲಬಂದ ಊರಿನವರಿಗೆ ಅವನ ತಂದೆ ಯೋವಾಷನು ಕೊಡುವ ಉತ್ತರ, ಬಾಳನು ದೇವರಾಗಿದ್ದರೆ ತನ್ನ ವ್ಯಾಜ್ಯವನ್ನು ತಾನೇ ನಡೆಸಲಿ ಎಂಬ ಅರ್ಥದ್ದು. ಸತ್ಯದೇವರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ಯಾಜಕಕಾಂಡ 24ರಲ್ಲಿ ದೇವನಾಮವನ್ನು ದೂಷಿಸಿದವನಿಗೆ ಮರಣದಂಡನೆಯಾಯಿತಲ್ಲವೇ? ಆಯಿತು; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಹೊಸ ಒಡಂಬಡಿಕೆಯ ಸಭೆ ಆ ಅಧ್ಯಾಯವನ್ನು ಶಿಲುಬೆಯ ಈಚೆಗೆ ನಿಂತು ಓದುತ್ತದೆ. ನಮ್ಮ ಕರ್ತನಿಗೆ ಮಹಾಯಾಜಕನ ಸಭೆ ಮರಣವನ್ನು ವಿಧಿಸಿದ್ದು ದೇವದೂಷಣೆಯ ಆರೋಪದ ಮೇಲೆಯೇ. ಸ್ತೆಫನನ ಮೇಲೆ ಸುಳ್ಳುಸಾಕ್ಷಿಗಳು ಹೊರಿಸಿದ್ದೂ ಅದನ್ನೇ. ದೇವದೂಷಕನೆಂದು ಖಂಡಿಸಲ್ಪಟ್ಟವನನ್ನು ಆರಾಧಿಸುವ ಸಭೆ, ಅದೇ ಆರೋಪವನ್ನು ಆಯುಧವಾಗಿ ಎತ್ತಿಕೊಳ್ಳುವ ಮೊದಲು ನೂರು ಸಲ ಯೋಚಿಸಬೇಕು.

ನಿಜವಾದರೂ ಹೇಳಬಾರದ ಮಾತು

ಸುಳ್ಳುಸಾಕ್ಷಿಯೊಂದೇ ಮೇರೆಯೆಂದರೆ ಸಾಲದು. 2019ರ ಜುಲೈಯಲ್ಲಿ ಪುತ್ತೂರಿನಲ್ಲಿ ಬೆಳಕಿಗೆ ಬಂದ ಪ್ರಕರಣವನ್ನು ನೆನೆಯಬೇಕು. ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಐವರು ವಿದ್ಯಾರ್ಥಿಗಳ ಬಂಧನವಾಯಿತು. ವಿಡಿಯೊವನ್ನು ಹಂಚಿದವರ ಮೇಲೂ ಕ್ರಮ ಜರುಗಿಸುವುದಾಗಿ ಪೊಲೀಸರು ಎಚ್ಚರಿಸಿದರು. ಆ ವಿಡಿಯೊದಲ್ಲಿ ಸುಳ್ಳು ಇರಲಿಲ್ಲ. ಅದನ್ನು ಹಂಚಿದವರಲ್ಲಿ ಕೆಲವರು ಕೋಪದಿಂದ, ನ್ಯಾಯ ಬೇಕೆಂಬ ಹೆಸರಿನಲ್ಲಿಯೇ ಹಂಚಿರಬಹುದು. ಆದರೂ ಪ್ರತಿ ಹಂಚಿಕೆ ಆ ಹೆಣ್ಣುಮಗಳ ಮೇಲೆ ನಡೆದ ಇನ್ನೊಂದು ಹಿಂಸೆ.

ಆದಿಕಾಂಡ 9ರಲ್ಲಿ ಇದಕ್ಕೆ ಬೆಳಕಿದೆ. ಹಾಮನು ತಂದೆಯ ಬೆತ್ತಲೆಯನ್ನು ಕಂಡು ಹೊರಗೆ ಬಂದು ಸಹೋದರರಿಗೆ ತಿಳಿಸಿದನು. ಅವನು ಹೇಳಿದ್ದು ನಿಜವೇ. ಶೇಮನೂ ಯೆಫೆತನೂ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಮುಖ ತಿರುಗಿಸಿ, ಹಿಂದುಹಿಂದಾಗಿ ನಡೆದು ತಂದೆಯನ್ನು ಮುಚ್ಚಿದರು. ನೋಡದಿರುವುದೂ ಮುಚ್ಚುವುದೂ ಅವರ ಧರ್ಮವಾಯಿತು. ಅಪರಾಧವನ್ನು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಅಪರಾಧವನ್ನು ಠಾಣೆಗೆ ತಿಳಿಸಬೇಕು, ಗಾಯಗೊಂಡವರ ಮಾನವನ್ನು ಮುಚ್ಚಬೇಕು. ಈ ಎರಡನ್ನು ಅದಲುಬದಲು ಮಾಡುವುದೇ ಇಂದಿನ ದುರಂತ. ಆದುದರಿಂದ ಮೇರೆ ಎರಡು: ನೆರೆಯವರ ಕುರಿತು ಸುಳ್ಳಾದದ್ದನ್ನು ಹೇಳಬಾರದು, ನಿಜವಾದರೂ ಅವರನ್ನು ಬೆತ್ತಲೆಗೊಳಿಸುವುದನ್ನು ಹಂಚಬಾರದು.

ಹಿರಿಯರ ಪಾಲು

ನಾಬೋತನ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಬೇಕಾದವರು ಈಜೆಬೆಲಳಲ್ಲ, ಇಜ್ರೇಲಿನ ಹಿರಿಯರು. ಕ್ರೈಸ್ತ ಸಂಸ್ಥೆಗಳಿಗೆ ಬರುವ ಶೋಧನೆ ಅವರದೇ.

ತೊಡುಪುಳದ ನ್ಯೂಮನ್ ಕಾಲೇಜಿನ ಮಲಯಾಳ ಪ್ರಾಧ್ಯಾಪಕ ಟಿ. ಜೆ. ಜೋಸೆಫ್ ಅವರ ಪ್ರಸಂಗ ಕೇರಳ ಮೂಲದ ನಮ್ಮ ಕಡಬದ ಕುಟುಂಬಗಳಿಗೆ ಅಪರಿಚಿತವಲ್ಲ. ಅವರು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯಲ್ಲಿ ಪ್ರವಾದಿಯ ಅವಹೇಳನವಿದೆ ಎಂಬ ಆರೋಪದ ಮೇಲೆ 2010ರ ಜುಲೈ 4ರಂದು ಅವರ ಬಲಗೈಯನ್ನು ಕತ್ತರಿಸಲಾಯಿತು. ಎರಡು ತಿಂಗಳ ಬಳಿಕ ಕ್ರೈಸ್ತ ಆಡಳಿತದ ಆ ಕಾಲೇಜು ಅವರನ್ನು ಸೇವೆಯಿಂದ ವಜಾ ಮಾಡಿತು. 2013ರಲ್ಲಿ ನ್ಯಾಯಾಲಯ ಅವರನ್ನು ಆರೋಪದಿಂದ ಬಿಡುಗಡೆ ಮಾಡಿತು; 2014ರ ಮಾರ್ಚ್‌ನಲ್ಲಿ, ನಿವೃತ್ತಿಗೆ ಕೆಲವೇ ದಿನಗಳಿರುವಾಗ, ಅವರನ್ನು ಮರಳಿ ಸೇರಿಸಿಕೊಳ್ಳಲಾಯಿತು. ಅದೇ ತಿಂಗಳು ಅವರ ಪತ್ನಿ ಪ್ರಾಣ ಕಳೆದುಕೊಂಡಿದ್ದರು.

ನಮ್ಮದೇ ಜಿಲ್ಲೆಯಲ್ಲಿ, 2024ರ ಫೆಬ್ರವರಿಯಲ್ಲಿ, ಮಂಗಳೂರಿನ ಜೆಪ್ಪುವಿನ ಸಂತ ಜೆರೋಸಾ ಶಾಲೆಯ ಶಿಕ್ಷಕಿಯೊಬ್ಬರು ತರಗತಿಯಲ್ಲಿ ಶ್ರೀರಾಮನನ್ನು ಅವಹೇಳನ ಮಾಡಿದರೆಂಬ ಧ್ವನಿಸಂದೇಶ ಮೊಬೈಲುಗಳಲ್ಲಿ ಹರಡಿತು. ಅವರು ಕಲಿಸುತ್ತಿದ್ದುದು ರವೀಂದ್ರನಾಥ ಠಾಕೂರರ ಒಂದು ಪದ್ಯ. ಜನಪ್ರತಿನಿಧಿಗಳೂ ಸೇರಿ ಶಾಲೆಯ ಬಾಗಿಲಲ್ಲಿ ಪ್ರತಿಭಟನೆ ನಡೆಯಿತು. ಆ ಒತ್ತಡದಲ್ಲಿ ಶಾಲೆ ಶಿಕ್ಷಕಿಯನ್ನು ಸೇವೆಯಿಂದ ಕೈಬಿಟ್ಟಿತು. ಸರಕಾರ ವಿಚಾರಣಾಧಿಕಾರಿಯನ್ನು ನೇಮಿಸಿದ್ದು ಅದಾದ ಮೇಲೆ. ಬಾಗಿಲಲ್ಲಿ ಜನ ಕೂಗುತ್ತಿರುವಾಗ ಮಕ್ಕಳ ಸುರಕ್ಷತೆಯನ್ನು ನೆನೆಯುವುದು ಆಡಳಿತದ ಕರ್ತವ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತರಗತಿಯಲ್ಲಿ ಏನು ನಡೆಯಿತೆಂದು ವಿಚಾರಿಸುವ ಮೊದಲೇ ತೀರ್ಪು ಬಂದುಬಿಟ್ಟರೆ, ತೀರ್ಪುಗಾರ ಆಡಳಿತವಲ್ಲ, ಸಂದೇಶ. ಶಿಕ್ಷಕಿ ತಪ್ಪಿತಸ್ಥರೇ ಅಲ್ಲವೇ ಎಂಬುದು ಇಲ್ಲಿ ನಮ್ಮ ವಾದವಲ್ಲ. ಮೊದಲು ಕೇಳುವ ಹಕ್ಕು ಅವರಿಗಿತ್ತು ಎಂಬುದಷ್ಟೇ.

ಕಡಬದ ನೆರೆಯ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ವಿಷಯದಲ್ಲಿ 2025ರಲ್ಲಿ ನಡೆದದ್ದು ಇದೇ ಸಮಸ್ಯೆಯ ಎರಡು ಮಗ್ಗುಲನ್ನೂ ತೋರಿಸುತ್ತದೆ. ಶವಗಳನ್ನು ಹೂಳಲಾಗಿದೆ ಎಂಬ ಆರೋಪ ಎದ್ದ ಬಳಿಕ ಜುಲೈ 18ರಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಎದುರು ಪಕ್ಷವನ್ನು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ತೆಗೆಯಬೇಕೆಂದು ಪಟ್ಟಿಮಾಡಿದ್ದು 8,842 ಕೊಂಡಿಗಳು, ಅವುಗಳಲ್ಲಿ 4,140 ಯೂಟ್ಯೂಬ್ ವಿಡಿಯೊಗಳು. ಆಗಸ್ಟ್ 1ರಂದು ಹೈಕೋರ್ಟು, ತನ್ನ ಮುಂದೆ ಬಂದ ಯೂಟ್ಯೂಬ್ ವಾಹಿನಿಯ ಮಟ್ಟಿಗೆ ಆ ಆದೇಶವನ್ನು ರದ್ದುಗೊಳಿಸಿತು. ಇಷ್ಟು ಕೊಂಡಿಗಳನ್ನು ಒಂದೇ ಬಲೆಯಲ್ಲಿ ಎಳೆದಾಗ ಸುಳ್ಳುಸಾಕ್ಷಿಯ ಜೊತೆಗೆ ನ್ಯಾಯವಾದ ಪ್ರಶ್ನೆಯೂ ಸಿಕ್ಕಿಬೀಳುತ್ತದೆ. ಆದರೆ ಅದೇ ಆಗಸ್ಟ್ 23ರಂದು ಮೂಲ ದೂರುದಾರನನ್ನೇ, ಸುಳ್ಳು ಸಾಕ್ಷ್ಯ ನೀಡಿದ ಆರೋಪದ ಮೇಲೆ, ವಿಶೇಷ ತನಿಖಾ ತಂಡ ಬಂಧಿಸಿತು. ತನಿಖೆ ಮುಗಿಯುವ ಮೊದಲೇ ಇಂಥವರು ಕೊಲೆಗಾರರೆಂದು ವಿಡಿಯೊದ ಮುಖಚಿತ್ರದಲ್ಲಿ ಬರೆದವರಿಗೂ, ಪ್ರಶ್ನೆ ಕೇಳಿದವರೆಲ್ಲ ಧರ್ಮದ್ರೋಹಿಗಳೆಂದು ಬರೆದವರಿಗೂ ಧರ್ಮೋಪದೇಶಕಾಂಡದ ‘ಚೆನ್ನಾಗಿ ವಿಚಾರಿಸಬೇಕು’ ಎಂಬ ವಿಧಿ ಒಂದೇ ರೀತಿ ಅನ್ವಯಿಸುತ್ತದೆ.

ಅತ್ಯಂತ ಕಠಿಣವಾದ ಪರೀಕ್ಷೆ 2022ರ ಜುಲೈಯಲ್ಲಿ ಬಂತು. ಸುಳ್ಯ ತಾಲ್ಲೂಕಿನ ಬೆಳ್ಳಾರೆ ಬಳಿಯ ಕಳಂಜದಲ್ಲಿ ಹಲ್ಲೆಗೊಳಗಾದ ಒಬ್ಬ ಮುಸ್ಲಿಂ ಯುವಕ 21ರಂದು ಮೃತಪಟ್ಟನು. 26ರ ರಾತ್ರಿ ಬೆಳ್ಳಾರೆಯಲ್ಲಿ ನೆಟ್ಟಾರಿನ ಒಬ್ಬ ಹಿಂದೂ ಯುವಕನ ಕೊಲೆಯಾಯಿತು. 28ರಂದು ಸುರತ್ಕಲ್‌ನಲ್ಲಿ ಇನ್ನೊಬ್ಬ ಮುಸ್ಲಿಂ ಯುವಕ ಕೊಲೆಯಾದನು. ಎಂಟು ದಿನಗಳಲ್ಲಿ ಮೂರು ಮನೆಗಳು ಮಕ್ಕಳನ್ನು ಕಳೆದುಕೊಂಡವು. ಕೊಲೆ ಮಾಡುವುದು ಕೆಲವರ ಕೈ. ಅದನ್ನು ‘ಅವರೆಲ್ಲರ’ ಕೃತ್ಯವೆಂದು ಬರೆಯುವ ಪ್ರತಿಯೊಂದು ಸಂದೇಶ ಇಡೀ ಸಮುದಾಯದ ಮೇಲೆ ಹೇಳಿದ ಸುಳ್ಳುಸಾಕ್ಷಿ. ಶ್ರೇಯಾ ಸಿಂಘಾಲ್ ತೀರ್ಪಿನ ಮೂರನೆಯ ಮೆಟ್ಟಲೂ ಒಂಬತ್ತನೆಯ ಆಜ್ಞೆಯೂ ಇಲ್ಲಿ ಒಂದೇ ಜಾಗದಲ್ಲಿ ನಿಲ್ಲುತ್ತವೆ. ‘ನಮಗೂ ಅದಕ್ಕೂ ಸಂಬಂಧವಿಲ್ಲ, ಅದು ಅವರಿಬ್ಬರ ಜಗಳ’ ಎಂದು ಕ್ರೈಸ್ತರು ಮನೆಯೊಳಗೆ ಕೂರುವುದು ತಟಸ್ಥತೆಯಂತೆ ಕಾಣುತ್ತದೆ. ಇಜ್ರೇಲಿನಲ್ಲಿಯೂ ಹಾಗೆ ಕೂತವರು ಇದ್ದಿರಬೇಕು. ನಾಬೋತನ ಪರವಾಗಿ ಒಂದು ಧ್ವನಿಯೂ ಆ ಅಧ್ಯಾಯದಲ್ಲಿ ಕೇಳಿಸುವುದಿಲ್ಲ.

ಸಭಾಪಾಲನೆಯಲ್ಲಿ

ಈ ವಿಮರ್ಶೆಯಿಂದ ಸಭಾಪಾಲನೆಗೆ ಹೊರಡುವ ತೀರ್ಮಾನಗಳನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು.

ಮೊದಲನೆಯದಾಗಿ, ಕ್ರಿಸ್ತನನ್ನೋ ಕನ್ಯೆ ಮರಿಯಳನ್ನೋ ಹಾಸ್ಯ ಮಾಡಿದ ವಿಡಿಯೊ ಕಂಡಾಗ ಸಭೆಯ ಹೆಸರಿನಲ್ಲಿ ‘ಭಾವನೆಗೆ ಧಕ್ಕೆ’ಯ ದೂರು ಕೊಡಬಾರದು. ಉಗುಳಿಸಿಕೊಂಡು ಸುಮ್ಮನಿದ್ದವನ ಶಿಷ್ಯರಿಗೆ ಅದು ಒಪ್ಪುವುದಿಲ್ಲ. ಆದರೆ ಇಂಥ ಮನೆಯಲ್ಲಿ ಮತಾಂತರ ನಡೆಯುತ್ತಿದೆ, ಹೋಗಿ ನೋಡಿಕೊಳ್ಳಿ ಎಂದು ವಿಳಾಸ ಹಾಕಿ ಹರಡುವ ಸಂದೇಶ ಬೇರೆ ಜಾತಿಯದು. ಅಲ್ಲಿ ಅಪಾಯದಲ್ಲಿರುವುದು ದೇವರಲ್ಲ, ಆ ಮನೆಯವರು. ಆಗ ಪ್ರಚೋದನೆಯ ಕಲಮಿನಡಿ ತಡಮಾಡದೆ ರಕ್ಷಣೆ ಕೇಳಬೇಕು.

ಎರಡನೆಯದಾಗಿ, ಸಭೆಯ ವಾಟ್ಸ್ಆ್ಯಪ್ ಗುಂಪಿಗೆ ಬಂದ ಆರೋಪವನ್ನು ಮುಂದಕ್ಕೆ ಕಳುಹಿಸುವುದು ಸಾಕ್ಷಿ ಹೇಳುವುದಕ್ಕೆ ಸಮಾನವೆಂದು ಸಭಿಕರಿಗೆ ಕಲಿಸಬೇಕು. ‘ಬಂದದ್ದನ್ನು ಹಾಕಿದೆ’ ಎಂಬುದು ಸಮಜಾಯಿಷಿಯಲ್ಲ. ಈಜೆಬೆಲಳ ಪತ್ರವೂ ಹಿರಿಯರಿಗೆ ‘ಬಂದದ್ದೇ’. ಒಂಬತ್ತನೆಯ ಆಜ್ಞೆಯನ್ನು ದೃಢೀಕರಣ ತರಗತಿಗಳಲ್ಲಿ ಈ ಉದಾಹರಣೆಯೊಂದಿಗೆ ವಿವರಿಸಿದರೆ ಯುವಜನರಿಗೆ ಬೇಗ ಅರ್ಥವಾಗುತ್ತದೆ.

ಮೂರನೆಯದಾಗಿ, ಯೂಟ್ಯೂಬಿನಲ್ಲಿ ಪ್ರಸಂಗ ಮಾಡುವವರಿಗೆ ಎಫೆಸದ ಪೌಲನ ಮಾದರಿ ಇದೆ. ಕೈಯಿಂದ ಮಾಡಿದವು ದೇವರುಗಳಲ್ಲವೆಂದು ಅವನು ಬಹಿರಂಗವಾಗಿ ಬೋಧಿಸಿದ್ದನು. ಆದರೂ ಗಲಭೆಯ ದಿನ ಆ ಪಟ್ಟಣದ ಅಧಿಕಾರಿಯೇ ಎದ್ದು, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲವೆಂದು ಜನರಿಗೆ ಹೇಳಬಲ್ಲವನಾದನು (ಅಪೊಸ್ತಲರ ಕೃತ್ಯಗಳು 19). ನಂಬಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುವುದಕ್ಕೂ ನೆರೆಯವರ ನಂಬಿಕೆಯನ್ನು ತಿರುಚಿ ಹಳಿಯುವುದಕ್ಕೂ ಇರುವ ಅಂತರ ಅದು. ಸುಬ್ರಹ್ಮಣ್ಯದ ಭಕ್ತನೊಬ್ಬ ನಮ್ಮ ಪ್ರಸಂಗವನ್ನು ಪೂರ್ತಿ ಕೇಳಿ, ‘ನಾನು ಒಪ್ಪುವುದಿಲ್ಲ, ಆದರೆ ಇವರು ನಮ್ಮ ವಿಷಯದಲ್ಲಿ ಸುಳ್ಳು ಹೇಳಲಿಲ್ಲ’ ಎನ್ನುವಂತಿರಬೇಕು.

ನಾಲ್ಕನೆಯದು ಕಷ್ಟದ್ದು. ನೆರೆಯ ಸಮುದಾಯದ ಮೇಲೆ ಸುಳ್ಳು ಹರಡಿದಾಗ, ಆ ಸಮುದಾಯ ನಮಗೆ ಪ್ರಿಯವಾಗಿರಲಿ ಇಲ್ಲದಿರಲಿ, ‘ಇದು ನಿಜವಲ್ಲ’ ಎಂದು ತಿಳಿದಿರುವ ಸಭಾಪಾಲಕನು ತುಳುವಿನಲ್ಲಿಯೋ ಮಲಯಾಳದಲ್ಲಿಯೋ, ಜನಕ್ಕೆ ತಿಳಿಯುವ ಭಾಷೆಯಲ್ಲಿ, ತನ್ನ ಹೆಸರು ಹಾಕಿ ಬರೆಯಬೇಕು. ಪ್ರಭುತ್ವದ ಗೆರೆ ತಡವಾಗಿ ಬರುತ್ತದೆ, ಕಂಪನಿಯ ಗೆರೆಗೆ ನಮ್ಮ ಭಾಷೆ ಬಾರದು. ಇಜ್ರೇಲಿನ ಹಿರಿಯರಲ್ಲಿ ಒಬ್ಬನಾದರೂ ಪತ್ರವನ್ನು ಬದಿಗಿಟ್ಟು ನಾಬೋತನ ತೋಟಕ್ಕೆ ನಡೆದುಹೋಗಿ ಅವನನ್ನೇ ಕೇಳಬಹುದಾಗಿತ್ತು. ತೋಟ ಅದೇ ಊರಿನಲ್ಲಿತ್ತು.